ರಾಯದುರ್ಗ, ಮಡಕಶಿರ ಸೀಮೆಯ ವೀರಗಲ್ಲುಗಳು

ರಾಯದುರ್ಗದ ಬೆಟ್ಟದ ಕೋಟೆಯಿಂದ ತೊಡಗಿ ದಕ್ಷಿಣದಲ್ಲಿ ಮಡಕಶಿರದ ಬಂಡೆಗುಡ್ಡಗಳವರೆಗೆ ಹಬ್ಬಿರುವ ಬಯಲುಸೀಮೆಯು, ಆಡಳಿತದ ಲೆಕ್ಕದಲ್ಲಿ ಆಂಧ್ರಪ್ರದೇಶಕ್ಕೆ ಸೇರಿದ್ದರೂ, ಮನೆಮಾತಿನ ಲೆಕ್ಕದಲ್ಲಿ ಇಂದಿಗೂ ಕನ್ನಡ ತೆಲುಗುಗಳೆರಡರ ನಾಡು. 1882ರಲ್ಲಿ ಅನಂತಪುರ ಜಿಲ್ಲೆಯು ರಚಿತವಾದಾಗ ಮಡಕಶಿರವು ಬಳ್ಳಾರಿಯಿಂದ ಅಗಲಿತು. ರಾಯದುರ್ಗವೋ ಬಳ್ಳಾರಿಯೊಡನೆಯೇ ಇದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆದವಾನಿ, ಆಲೂರುಗಳ ಜೊತೆಯಲ್ಲಿ ಅತ್ತ ಸೇರಿತು. ಗಡಿಗಳು ಹೀಗೆ ಸರಿದಾಡಿದರೂ, ಇಲ್ಲಿನ ಹಳೆಯ ಶಾಸನಗಳ ಬಹುಪಾಲು ಕನ್ನಡವನ್ನೇ ಆಡುತ್ತವೆ; ಅವುಗಳಲ್ಲಿಯೂ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುವು ಅರಸರ ದಾನಶಾಸನಗಳಲ್ಲ, ಕಾದಿ ಮಡಿದವರ ಕಲ್ಲುಗಳು.

ಅಮರಾಪುರದ ಬಳಿ ಗಡಿಗೆ ಆತುಕೊಂಡಂತಿರುವ ಹೇಮಾವತಿಯೆಂಬ ಗ್ರಾಮವೇ ಪೂರ್ವದ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರ ರಾಜಧಾನಿ. ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳನ್ನೂ, ಲಿಂಗರೂಪವನ್ನು ಬಿಟ್ಟು ಮನುಷ್ಯರೂಪದಲ್ಲಿ ಕುಳಿತ ಸಿದ್ಧೇಶ್ವರನನ್ನೂ ನೋಡಲು ಜನ ಬರುತ್ತಾರೆ. ಗಂಗರು, ರಾಷ್ಟ್ರಕೂಟರು, ಚೋಳರು, ಚಾಲುಕ್ಯರು ಸುತ್ತಲೂ ಒತ್ತಿಕೊಂಡಿದ್ದ ಈ ಚಿಕ್ಕ ರಾಜ್ಯಕ್ಕೆ ಯುದ್ಧವು ಋತುಮಾನದಂತೆ ಬರುತ್ತಿತ್ತು. ಕೊನೆಗೆ ಗಂಗರ ಮಾರಸಿಂಹನು ನೊಳಂಬಕುಲಾಂತಕನೆಂಬ ಬಿರುದನ್ನೇ ಧರಿಸಿದನು. ಅರಸರ ಬಿರುದುಗಳ ಹಿಂದೆ ಎಷ್ಟು ಮನೆಗಳಲ್ಲಿ ದೀಪ ಆರಿತೆಂಬುದನ್ನು ವೀರಗಲ್ಲುಗಳೇ ಹೇಳಬೇಕು.

ವೀರಗಲ್ಲನ್ನು ಹತ್ತಿರ ಕುಳಿತು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಂತದಲ್ಲಿ ಕಾಳಗ: ಬಿಲ್ಲನ್ನು ಸೆಳೆದವನೋ ಕತ್ತಿ ಗುರಾಣಿಗಳನ್ನು ಹಿಡಿದವನೋ ಆದ ವೀರನು, ತುರುಗಾಳಗವಾದರೆ ಪಕ್ಕದಲ್ಲಿ ಹಸುಗಳ ಸಾಲು. ನಡುವಿನ ಹಂತದಲ್ಲಿ ಅದೇ ವೀರನನ್ನು ಅಪ್ಸರೆಯರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿರುತ್ತಾರೆ. ಈಗ ಅವನ ಕೈಯಲ್ಲಿ ಆಯುಧವಿರುವುದಿಲ್ಲ. ಮೇಲೆ, ಸೂರ್ಯಚಂದ್ರರ ಕೆಳಗೆ, ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಹಂತಗಳ ನಡುವಣ ಪಟ್ಟಿಯಲ್ಲಿ, ಎಣ್ಣೆ ಅರಿಸಿನಗಳು ಮೆತ್ತಿ ಬೆರಳಿಗೆ ಮಾತ್ರ ತಿಳಿಯುವಂತಾಗಿರುವ ಅಕ್ಷರಗಳಲ್ಲಿ, ಅವನ ಹೆಸರು, ಊರು, ಯಾರಿಗಾಗಿ ಕಾದಿದನೆಂಬ ಮಾತು ಇರುತ್ತವೆ.

ಕಲ್ಲು ನಿಲ್ಲಿಸುವುದರೊಡನೆ ಕರ್ತವ್ಯ ಮುಗಿಯುತ್ತಿರಲಿಲ್ಲ. ಮಡಿದವನ ಹೆಸರಿನಲ್ಲಿ ಕಲ್ನಾಡೆಂದೋ ನೆತ್ತರುಗೊಡಗೆಯೆಂದೋ ಭೂಮಿಯನ್ನು ಬಿಡುತ್ತಿದ್ದರು. ಇದಕ್ಕೊಂದು ನಿದರ್ಶನವಿದೆ. ಈ ಸೀಮೆಯ ನೊಳಂಬ ದೊರೆ ಅಯ್ಯಪದೇವನ ನೆರವಿಗೆ ಗಂಗರ ಎರೆಯಪ್ಪನು ನಾಗತ್ತರನೆಂಬ ಸಾಮಂತನನ್ನು ಕಳುಹಿಸಿದನು. ತುಂಬೆಪಾಡಿಯಲ್ಲಿ ವೀರಮಹೇಂದ್ರನೆಂಬ ಎದುರಾಳಿಯೊಡನೆ ನಡೆದ ಕಾಳಗದಲ್ಲಿ, ತನ್ನ ಕಡೆ ಸೋಲತೊಡಗಿದುದನ್ನು ಕಂಡು, ನಾಗತ್ತರನು ಆನೆಗಳಿಗೆ ಎದುರಾಗಿ ಇರಿದು ಸತ್ತನು. ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಈ ಮಾತನ್ನು ಹೇಳುವ ಬೇಗೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು, 949–50ರದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ನೆನಪಿನದು. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟ ಮಣಲೆರನೆಂಬವನು, ಆ ಸ್ಥಾನದ ಪೂಜಾರಿಯಾದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಕಟ್ಟಳೆ ಮಾಡಿದನು. ಸ್ಮರಣೆಯನ್ನು ಜನರ ಸದ್ಭಾವಕ್ಕೆ ಬಿಟ್ಟುಬಿಡದೆ, ಊಟದ ತುತ್ತಿಗೆ ಕಟ್ಟಿಹಾಕಿದ ಈ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಪಾಳೆಯಗಾರರ ಕಾಲಕ್ಕೆ ಬಂದರೆ ಕಥೆ ಬೇರೆಯಾಗುತ್ತದೆ. 1748ರಲ್ಲಿ ಮಾಯಕೊಂಡದ ಕದನದಲ್ಲಿ ಚಿತ್ರದುರ್ಗದ ಮದಕರಿ ನಾಯಕನು ಮಡಿದಾಗ, ಅವನಿಗೆ ಎದುರಾಗಿದ್ದ ಬಿದನೂರು, ಹರಪನಹಳ್ಳಿ, ಸವಣೂರುಗಳ ದಂಡಿನೊಡನೆ ರಾಯದುರ್ಗದ ದಂಡೂ ಇತ್ತು. ನಾಯಕನ ಹೆಸರು ಚರಿತ್ರೆಯಲ್ಲಿ ಉಳಿಯಿತು. ರಾಯದುರ್ಗದ ಬೆಟ್ಟವಿಳಿದು ಅಷ್ಟು ದೂರ ನಡೆದುಹೋದ ಕಾಲಾಳುಗಳ ಹೆಸರನ್ನು ಬರೆದಿಡುವವರಿರಲಿಲ್ಲವೆಂಬುದು ನನಗೆ ಇಂದಿಗೂ ವ್ಯಥೆಯ ವಿಷಯ.

ಈಗಲಾದರೋ ಮಡಿದವರ ಹೆಸರನ್ನು ಓದಿ ಹೇಳುವ ದಿನವೊಂದಿದೆ. ಪ್ರತಿವರ್ಷ ಅಕ್ಟೋಬರ್ 21ರಂದು, ಅನಂತಪುರದಲ್ಲಿಯೂ ದೇಶದ ಇತರ ಜಿಲ್ಲಾಕೇಂದ್ರಗಳಲ್ಲಿರುವಂತೆಯೇ, ಪೊಲೀಸ್ ಹುತಾತ್ಮರ ದಿನದ ಕವಾಯತು ನಡೆಯುತ್ತದೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸಿನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದ ದಿನವದು. ಬಂದೂಕುಗಳು ತಲೆಕೆಳಗಾಗುತ್ತವೆ, ಕಹಳೆ ಮೊಳಗುತ್ತದೆ, ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಕೇಳುತ್ತ ನಿಂತವನಿಗೆ ಇದು ಹೊಸ ಆಚಾರವೆನಿಸದು: ಹೆಸರನ್ನು ಹೇಳುವುದು, ಮನೆಯವರಿಗೆ ಆಸರೆಯಾಗುವುದು, ಗೊತ್ತಾದ ದಿನ ಮರಳಿ ಬಂದು ಅಲ್ಲಿಯೇ ನಿಲ್ಲುವುದು, ಹೆಂಜೇರಿನ ಕಾಲದವರೂ ಅದನ್ನೇ ಅರಿತಿದ್ದರು.

ಆದುದರಿಂದ ಈ ಸೀಮೆಯ ರೈತಬಾಂಧವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಹೊಲದ ಬದುವಿನಲ್ಲಿ ಅಂಥ ಕಲ್ಲೊಂದು ಅರ್ಧ ಹೂತು ಬಿದ್ದಿದ್ದರೆ ಅದನ್ನು ಒಗೆಯುವ ಕಲ್ಲಾಗಗೊಡಬೇಡಿ, ಸುಣ್ಣ ಬಳಿಯಬೇಡಿ. ಮಣ್ಣನ್ನು ಮೆಲ್ಲಗೆ ಬಿಡಿಸಿ, ಅಲ್ಲಿಯೇ ನೆಟ್ಟಗೆ ನಿಲ್ಲಿಸಿ, ಹಳಗನ್ನಡದ ಅಕ್ಷರ ಬಲ್ಲವರಿಂದ ಆ ಹೆಸರನ್ನು ಓದಿಸಿ, ನಿಮ್ಮೂರ ಶಾಲೆಯ ಮಕ್ಕಳಿಗೆ ಹೇಳಿಕೊಡಿ.