ಸುಪ್ತ ಯೀಸ್ಟ್ ಕೋಶಗಳ ಬೇರ್ಪಡಿಕೆ: ಒಂದು ಚಾರಿತ್ರಿಕ ಅವಲೋಕನ

ಯೀಸ್ಟ್ ಸಂಶೋಧನೆಯ ಚರಿತ್ರೆಯಲ್ಲಿ ‘ಶುದ್ಧ ಕೃಷಿ’ ಎಂಬುದರ ಅರ್ಥವನ್ನು ಎರಡು ಸಲ ಪರಿಷ್ಕರಿಸಬೇಕಾಯಿತೆಂದು ನಾವು ಭಾವಿಸುತ್ತೇವೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಅವರು ಒಂದೇ ಕೋಶದಿಂದ ಸಂತತಿಯನ್ನು ಬೆಳೆಸಿ, ಬಿಯರನ್ನು ಕೆಡಿಸುತ್ತಿದ್ದ ಕಾಡು ಯೀಸ್ಟನ್ನು ದೂರವಿರಿಸಿದರು. ಆದರೆ ಒಂದೇ ವಂಶದ ಕೋಶಗಳೆಲ್ಲವೂ ಆಹಾರ ತೀರಿದ ತರುವಾಯ ಒಂದೇ ಸ್ಥಿತಿಯಲ್ಲಿರುವುವೆ?

2006ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದ ಮಾರ್ಗರೆಟ್ ವರ್ನರ್-ವಾಶ್‌ಬರ್ನ್ ಅವರ ತಂಡವು, ಬೆಳವಣಿಗೆ ನಿಂತ ಕೃಷಿಯನ್ನು ಪರ್ಕಾಲ್ ಎಂಬ ಸಿಲಿಕಾ ಕಲಿಲದ ಮೇಲಿರಿಸಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿತು. ಹೆಚ್ಚು ಸಾಂದ್ರವಾದ ಸುಪ್ತ ಕೋಶಗಳು ಕೆಳಗಿನ ಪಟ್ಟಿಯಲ್ಲಿ ನೆಲೆಸಿದವು. ಸುಪ್ತವಲ್ಲದವು ಮೇಲೆ ಉಳಿದವು. ಹೊಸ ಆಹಾರ ದೊರೆತೊಡನೆ ಸುಪ್ತ ಕೋಶಗಳು ಬಹುಮಟ್ಟಿಗೆ ಏಕಕಾಲದಲ್ಲಿ ವಿಭಜನೆಗೆ ತೊಡಗಿದವು. ಇಂಥ ಕೃಷಿಯನ್ನು ಇಡಿಯಾಗಿ ಅಳೆದು ಪಡೆದ ಅಂಕಿಗಳು ಎರಡು ಗುಂಪುಗಳ ಸರಾಸರಿ ಮಾತ್ರವೆಂಬುದು ಇದರಿಂದ ವಿದಿತವಾಗುತ್ತದೆ. ವಂಶದ ಶುದ್ಧಿಯೊಂದರಿಂದಲೇ ಸ್ಥಿತಿಯ ಏಕರೂಪತೆ ಸಿದ್ಧಿಸದು.