ದೂರು ಹೇಳುವ ಹಕ್ಕು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂದು ಲೇತ್ ಯಂತ್ರ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ತಾಯಿಯನ್ನು ಒಂದು ಧರ್ಮಾಸ್ಪತ್ರೆಗೆ ಕರೆದೊಯ್ದಿದ್ದ. ಹೆಸರು ಬೇಡ. ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಯಿಸಿ "ನಾಳೆ ಬನ್ನಿ" ಎಂದರಂತೆ. ದೂರಿನ ಪೆಟ್ಟಿಗೆ ಇರಲಿಲ್ಲವೇನಪ್ಪಾ ಎಂದು ಕೇಳಿದೆ. "ಇತ್ತು ಸಾರ್. ಪುಕ್ಕಟೆ ಕೊಡೋ ಕಡೆ ಏನಂತ ದೂರೋದು?" ಎಂದ.

ದೂರುಗಳು ಕಡಿಮೆಯಿದ್ದರೆ ಚಿಕಿತ್ಸೆ ಉತ್ತಮವೆಂದು ಅಳೆಯುವವರುಂಟು. ಆ ಅಳತೆಗೋಲಿಗೆ ಇವನ ಮೌನವೂ ತೃಪ್ತಿಯಾಗಿಯೇ ಕಾಣುತ್ತದೆ.

ಸೋಜಿಗವೆಂದರೆ, ನಮ್ಮ ಕಾನೂನಿನ ತರ್ಕವೂ ಅವನದೇ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಉಚಿತ ಸೇವೆಯನ್ನು ಹೊರಗಿಟ್ಟಿತ್ತು. ವೈದ್ಯವೃತ್ತಿಗೆ ಆ ಕಾಯಿದೆ ಅನ್ವಯಿಸದೆಂದು ಭಾರತೀಯ ವೈದ್ಯಕೀಯ ಸಂಘ ವಾದಿಸಿತು. 1995ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಬಡರೋಗಿಯೂ ಗ್ರಾಹಕನೇ ಎಂದಿತು. ಆದರೆ ಎಲ್ಲರಿಗೂ ಉಚಿತವಾಗಿರುವಲ್ಲಿ ಯಾರೂ ಗ್ರಾಹಕರಲ್ಲ. ನೋಂದಣಿ ಚೀಟಿಗೆ ಕೊಡುವ ಪುಡಿಗಾಸು ಲೆಕ್ಕಕ್ಕಿಲ್ಲ.

ಹಾಗಾದರೆ ಕಾರ್ಮಿಕರ ಇಎಸ್‌ಐ ಆಸ್ಪತ್ರೆ? ಅಲ್ಲಿಯೂ ಕಿಟಕಿಯಲ್ಲಿ ಯಾರೂ ಹಣ ಎಣಿಸುವುದಿಲ್ಲ. ಹರಿಯಾಣದ ಸೋನಿಪತ್‌ನ ಕಾರ್ಮಿಕನೊಬ್ಬ, ತನ್ನ ಪತ್ನಿಯ ಕಾಯಿಲೆಯನ್ನು ಇಎಸ್‌ಐ ಚಿಕಿತ್ಸಾಲಯ ತಪ್ಪಾಗಿ ಗುರುತಿಸಿತೆಂದು ದೂರಿದಾಗ, ಗ್ರಾಹಕ ವೇದಿಕೆ ಅವನನ್ನು ಗ್ರಾಹಕನೆಂದೇ ಒಪ್ಪಲಿಲ್ಲ. 2007ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ನಿಂತಿತು: ಕಾರ್ಮಿಕನ ಸಂಬಳದಿಂದ ಮುರಿದುಕೊಳ್ಳುವ ವಂತಿಗೆಯೂ ಮಾಲೀಕ ಸೇರಿಸುವ ವಂತಿಗೆಯೂ ಆ ಸೇವೆಯ ಬೆಲೆ. ಆಗ ಕಾರ್ಮಿಕನ ಪಾಲು ಶೇಕಡಾ 1.75, 2019ರ ಜುಲೈನಿಂದ 0.75. ಪೀಣ್ಯದ ಮಟ್ಟಿಗೆ ಇದು ಸಣ್ಣ ತೀರ್ಪಲ್ಲ.

ಖಾಸಗಿ ಆಸ್ಪತ್ರೆಗಳ ಕಥೆ ಬೇರೆ. 2017ರ ನವೆಂಬರಿನಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆಲ್ಲ ನೆನಪಿರಬಹುದು. ತಿದ್ದುಪಡಿ ಮೆತ್ತಗಾಯಿತು, ರೋಗಿಗಳ ಹಕ್ಕುಪತ್ರವಂತೂ ಉಳಿಯಿತು.

ಹಕ್ಕಿದ್ದರೂ ಕೇಳುವ ಕಿವಿ ಬೇಕು. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯ ರೋಗಿಗಳ ಬಂಧುಗಳು ದೂರುತ್ತಲೇ ಇದ್ದರು. 2008ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆಗೆ ಉನ್ನತ ಸ್ಥಾನಮಾನವೇ ದೊರೆಯಿತು! 2013ರ ವಿಚಾರಣಾ ವರದಿ ಬರುವ ಹೊತ್ತಿಗೆ ಅನೇಕರು ತೀರಿಕೊಂಡಾಗಿತ್ತು.

ಕಳೆದ ಹಬ್ಬಕ್ಕೆ ಮನೆಗೆ ಬಂದಿದ್ದ ಆ ಶಿಷ್ಯನಿಗೆ 2007ರ ತೀರ್ಪಿನ ವಿಷಯ ಹೇಳಿದೆ. ಅವನು ಮೊಬೈಲಿನಲ್ಲಿದ್ದ ತನ್ನ ಸಂಬಳದ ಚೀಟಿಯನ್ನು ತೆರೆದು, ಇಎಸ್‌ಐ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು ಕೇಳಿದ: "ಹಾಗಾದ್ರೆ ಇದು ದುಡ್ಡು ಕೊಟ್ಟ ಹಾಗೇನಾ ಸಾರ್?"