ಪೂರೈಕೆ ಸರಪಳಿಯಲ್ಲಿ ದತ್ತಾಂಶ ವಿಶ್ಲೇಷಣೆ

ಕಚ್ಚಾ ಸಾಮಗ್ರಿ ಕಾರ್ಖಾನೆಗೆ ಬಂದು, ಸರಕಾಗಿ, ಗೋದಾಮು ದಾಟಿ, ಗಿರಾಕಿಯ ಕೈ ಸೇರುವ ತನಕದ ದಾರಿಗೆ ಪೂರೈಕೆ ಸರಪಳಿ ಎಂದು ಹೆಸರು. ಎಷ್ಟು ಮಾರಾಟವಾಯಿತು, ಎಷ್ಟು ಉಳಿದಿದೆ, ಲಾರಿ ಯಾವತ್ತು ಹೊರಟು ಯಾವತ್ತು ಮುಟ್ಟಿತು ಎಂಬಂಥ ಲೆಕ್ಕಗಳು ಈ ದಾರಿಯುದ್ದಕ್ಕೂ ಹುಟ್ಟುತ್ತಲೇ ಇರುತ್ತವೆ. ಅವನ್ನು ಒಂದೆಡೆ ಸೇರಿಸಿ, ಏನನ್ನು, ಎಷ್ಟು, ಯಾವಾಗ, ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ವಿಧಾನಗಳನ್ನು ಒಟ್ಟಾಗಿ ಪೂರೈಕೆ ಸರಪಳಿಯ ದತ್ತಾಂಶ ವಿಶ್ಲೇಷಣೆ ಎನ್ನುತ್ತಾರೆ. ದಾಸ್ತಾನು ಹೆಚ್ಚಾದರೆ ಬಂಡವಾಳ ಗೋದಾಮಿನಲ್ಲಿ ಕೊಳೆಯುತ್ತದೆ. ಕಡಿಮೆಯಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇದನ್ನು ಬರೀ ಗಣಿತದ ಸಮಸ್ಯೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಈ ಕ್ಷೇತ್ರದಲ್ಲಿ ಹೆಸರಾದ ಪ್ರಕರಣಗಳನ್ನು ಕೆದಕಿದರೆ, ಕಡೆಯ ಅಂಗಡಿಯ ನಿಜವಾದ ಮಾರಾಟದ ಅಂಕಿ ಆರ್ಡರ್ ಹಾಕುವವನ ಕಣ್ಣಿಗೆ ಬೀಳದೆ ಹೋದದ್ದೇ ಪದೇಪದೇ ಎದುರಾಗುತ್ತದೆ.

ಬೆಳೆದು ಬಂದ ಬಗೆ

ಗಣಿತ ಮೊದಲು ಬಂತು, ದತ್ತಾಂಶ ಆಮೇಲೆ. ಒಂದು ಸಲಕ್ಕೆ ಎಷ್ಟು ಸರಕು ತರಿಸಿದರೆ ಖರ್ಚು ಅತಿ ಕಡಿಮೆ ಎಂಬ ಸೂತ್ರವನ್ನು ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲೇ ಪ್ರಕಟಿಸಿದ್ದರು. ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನದಿಂದ, ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಕಳಿಸಬೇಕೆಂಬ ದೊಡ್ಡ ಲೆಕ್ಕಗಳನ್ನೂ ಬಿಡಿಸಬಹುದಾಯಿತು. ಸೂತ್ರಕ್ಕೆ ಹಾಕುವ ಅಂಕಿ ಮಾತ್ರ ಗುಮಾಸ್ತರ ಲೆಡ್ಜರಿನಿಂದಲೇ ಬರಬೇಕಿತ್ತು.

1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ರಿಗ್ಲಿ ಚೂಯಿಂಗ್ ಗಮ್ಮಿನ ಒಂದು ಪ್ಯಾಕು ಬಾರ್‌ಕೋಡ್ ಓದುವ ಯಂತ್ರದ ಮೇಲೆ ಹಾದುಹೋಯಿತು. ಅಲ್ಲಿಂದಾಚೆಗೆ ಬಿಲ್ ಹಾಕುವ ಕೆಲಸವೇ ದತ್ತಾಂಶ ಸಂಗ್ರಹವೂ ಆಯಿತು. 1991ರಲ್ಲಿ ವಾಲ್‌ಮಾರ್ಟ್ ಆರಂಭಿಸಿದ ರಿಟೇಲ್ ಲಿಂಕ್ ವ್ಯವಸ್ಥೆಯ ಮೂಲಕ, ಸರಕು ಪೂರೈಸುವ ಕಂಪನಿಗಳು ತಮ್ಮ ಮಾಲು ಯಾವ ಅಂಗಡಿಯಲ್ಲಿ ಎಷ್ಟು ಹೋಯಿತೆಂದು ತಾವೇ ನೋಡತೊಡಗಿದವು. ಇದೇ ಕಂಪನಿ 2004ರಲ್ಲಿ ಫ್ರಾನ್ಸಿಸ್ ಚಂಡಮಾರುತ ಫ್ಲಾರಿಡಾವನ್ನು ಮುಟ್ಟುವ ಮುನ್ನ, ಕೆಲವೇ ವಾರಗಳ ಹಿಂದೆ ಅಪ್ಪಳಿಸಿದ್ದ ಚಾರ್ಲಿ ಚಂಡಮಾರುತದ ದಿನಗಳ ಬಿಲ್ಲುಗಳನ್ನು ತಡಕಿತು. ಟಾರ್ಚು ಹೆಚ್ಚು ಹೋಗುತ್ತದೆಂದು ಯಾರಾದರೂ ಊಹಿಸಬಹುದು. ಸ್ಟ್ರಾಬೆರಿ ಪಾಪ್-ಟಾರ್ಟ್ ಎಂಬ ತಿಂಡಿ ಮಾಮೂಲಿಗಿಂತ ಏಳು ಪಟ್ಟು ಖರ್ಚಾಗುತ್ತದೆಂದು ಹೇಳಿದ್ದು ಆ ಬಿಲ್ಲುಗಳು.

ಬಾರುಕೋಲು ಪರಿಣಾಮ

ಬಾರುಕೋಲು ಹಿಡಿದ ಕೈ ತುಸು ಅಲುಗಿದರೆ ಸಾಕು, ಬಾರಿನ ತುದಿ ಮಾರುದ್ದ ಹಾರುತ್ತದೆ. ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಪ್ಯಾಂಪರ್ಸ್ ಡಯಾಪರಿನ ಲೆಕ್ಕ ನೋಡಿದಾಗ ಕಂಡದ್ದೂ ಇದೇ. ಕೂಸುಗಳು ದಿನಕ್ಕೆ ಇಷ್ಟು ಎಂಬಂತೆ ಡಯಾಪರ್ ಬಳಸುತ್ತವೆ, ಅದರಲ್ಲಿ ಹಬ್ಬ ಹುಣ್ಣಿಮೆಯಿಲ್ಲ. ಅಂಗಡಿಗಳ ಮಾರಾಟದಲ್ಲಿ ಏರಿಳಿತ ಅಷ್ಟಕ್ಕಷ್ಟೇ. ಆದರೆ ವಿತರಕರ ಆರ್ಡರುಗಳು ಅದಕ್ಕಿಂತ ಹೆಚ್ಚು ಕುಣಿಯುತ್ತಿದ್ದವು. ಕಂಪನಿ ತನ್ನ ಕಚ್ಚಾ ಸಾಮಗ್ರಿಗೆ ಹಾಕುತ್ತಿದ್ದ ಆರ್ಡರುಗಳ ಕುಣಿತ ಇನ್ನೂ ಜೋರು. ಈ ವಿದ್ಯಮಾನವನ್ನು ಎಂಐಟಿಯ ಜೇ ಫಾರೆಸ್ಟರ್ 1961ರ ತಮ್ಮ ಪುಸ್ತಕದಲ್ಲೇ ವಿವರಿಸಿದ್ದರು. ಅದೇ ಸಂಸ್ಥೆಯಲ್ಲಿ ಹುಟ್ಟಿದ ‘ಬಿಯರ್ ಆಟ’ವನ್ನು ಇಂದಿಗೂ ಎಂಬಿಎ ತರಗತಿಗಳಲ್ಲಿ ಆಡಿಸುತ್ತಾರೆ. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು ಸಾಲಾಗಿ ಕೂರುತ್ತಾರೆ. ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ದಾಟಿಸಬೇಕು. ಗಿರಾಕಿಗಳ ಬೇಡಿಕೆ ಒಂದೇ ಒಂದು ಸಲ, ವಾರಕ್ಕೆ ನಾಲ್ಕು ಪೆಟ್ಟಿಗೆಯಿಂದ ಎಂಟಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ. ಅಷ್ಟಕ್ಕೇ ಕಾರ್ಖಾನೆಯ ಕುರ್ಚಿಯಲ್ಲಿ ಕೂತವನು ಮೊದಲು ಬರಕ್ಕೆ, ಆಮೇಲೆ ಪ್ರವಾಹಕ್ಕೆ ಸಿಕ್ಕವನಂತಾಗುತ್ತಾನೆ.

ಸಂಶೋಧಕರಾದ ಹಾವ್ ಲೀ, ಪದ್ಮನಾಭನ್ ಮತ್ತು ವಾಂಗ್ 1997ರಲ್ಲಿ ಇದರ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಿದರು: ಕೆಳಗಿನವನ ಆರ್ಡರನ್ನೇ ಬೇಡಿಕೆಯೆಂದು ಭಾವಿಸಿ ಮೇಲಿನವನು ಮುನ್ನಂದಾಜು ಮಾಡುವುದು, ಲಾರಿ ತುಂಬಲೆಂದು ಒಟ್ಟಿಗೆ ಆರ್ಡರ್ ಹಾಕುವುದು, ಬೆಲೆ ಇಳಿದಾಗ ಬಾಚಿಕೊಳ್ಳುವುದು, ಅಭಾವದ ಸುಳಿವು ಸಿಕ್ಕರೆ ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು. ಕೊನೆಯದು ಎಷ್ಟು ದುಬಾರಿ ಎಂಬುದಕ್ಕೆ ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೊ ಕಂಪನಿ ಸಾಕ್ಷಿ. ಇಂಟರ್‌ನೆಟ್ ಉಬ್ಬರದ ದಿನಗಳಲ್ಲಿ ಗಿರಾಕಿಗಳು ಒಂದೇ ಉಪಕರಣಕ್ಕೆ ಎರಡು ಮೂರು ಕಡೆ ಆರ್ಡರ್ ಹಾಕಿ, ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ರದ್ದು ಮಾಡುತ್ತಿದ್ದರು. ಕಂಪನಿಯ ಪುಸ್ತಕದಲ್ಲಿ ಅವೆಲ್ಲವೂ ಬೇಡಿಕೆ. 2001ರಲ್ಲಿ ಉಬ್ಬರ ಇಳಿದಾಗ 220 ಕೋಟಿ ಡಾಲರಿಗೂ ಮೀರಿದ ದಾಸ್ತಾನನ್ನು ನಷ್ಟವೆಂದು ಬರೆದುಕೊಳ್ಳಬೇಕಾಯಿತು.

ಇಟಲಿಯ ಪಾಸ್ತಾ ಕಂಪನಿ ಬರಿಲ್ಲಾ 1980ರ ದಶಕದ ಕೊನೆಯಲ್ಲಿ ಇದಕ್ಕೊಂದು ಮದ್ದು ಹುಡುಕಿತು. ವಿತರಕರು ಆರ್ಡರ್ ಹಾಕುವುದೇ ಬೇಡ. ಅವರ ಗೋದಾಮಿನಿಂದ ದಿನದ ರವಾನೆಯ ಲೆಕ್ಕ ಕೊಟ್ಟರೆ ಸಾಕು, ಎಷ್ಟು ಕಳಿಸಬೇಕೆಂದು ತಾನೇ ತೀರ್ಮಾನಿಸುತ್ತೇನೆ ಎಂಬುದು ಯೋಜನೆ. ವಿತರಕರು ಮುನಿಸಿಕೊಂಡರು: ನಮ್ಮ ಗೋದಾಮು ನಡೆಸಲು ನಮಗೆ ಬರುವುದಿಲ್ಲವೇ? ಕಂಪನಿಯ ಸೇಲ್ಸ್ ವಿಭಾಗವೂ ಅಡ್ಡಗಾಲು ಹಾಕಿತು, ಏಕೆಂದರೆ ರಿಯಾಯಿತಿ ತೋರಿಸಿ ಮಾಲು ದಾಟಿಸುವುದರ ಮೇಲೆಯೇ ಅವರ ಇನ್ಸೆಂಟಿವ್ ನಿಂತಿತ್ತು. ಕೊನೆಗೆ ಕಂಪನಿ ತನ್ನದೇ ಡಿಪೋಗಳಲ್ಲಿ ಮಾಡಿ ತೋರಿಸಿದ ಮೇಲೆ ಹೊರಗಿನವರು ಒಪ್ಪತೊಡಗಿದರು. ವ್ಯಾಪಾರ ನಿರ್ವಹಣೆಯ ಪಾಠಗಳಲ್ಲಿ ಈ ಕಥೆ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ: ಅಲ್ಲಿ ಬಳಸಿದ ಲೆಕ್ಕ ಸಾಧಾರಣದ್ದು, ಕಷ್ಟಪಟ್ಟದ್ದು ಆ ದಿನದ ಅಂಕಿ ಕೈಗೆ ಸಿಗುವಂತೆ ಮಾಡಲು.

ಭದ್ರತಾ ದಾಸ್ತಾನು: ಒಂದು ಲೆಕ್ಕ

ವಿಶ್ಲೇಷಣೆ ದಿನನಿತ್ಯ ಮಾಡುವ ಕೆಲಸವನ್ನು ಒಂದೇ ಸರಕಿನ ಮೇಲೆ ಇಟ್ಟು ನೋಡಬಹುದು. ಒಂದು ಗೋದಾಮಿನಿಂದ ದಿನಕ್ಕೆ ಸರಾಸರಿ 40 ಪ್ಯಾಕೆಟ್ ಸೋಪಿನ ಪುಡಿ ಹೋಗುತ್ತದೆ, ದಿನದಿಂದ ದಿನಕ್ಕೆ ಆಗುವ ಏರುಪೇರು (ಮಾನಕ ವಿಚಲನೆ) 12 ಪ್ಯಾಕೆಟ್, ಆರ್ಡರ್ ಹಾಕಿದ ನಾಲ್ಕು ದಿನಕ್ಕೆ ಮಾಲು ಬರುತ್ತದೆ ಎಂದುಕೊಳ್ಳೋಣ. ನಾಲ್ಕು ದಿನದ ಖರ್ಚು 160. ನೂರರಲ್ಲಿ 95 ಸಲ ಮಾಲು ಮುಗಿಯಬಾರದೆಂದರೆ 12ನ್ನು ನಾಲ್ಕರ ವರ್ಗಮೂಲದಿಂದ, ಅಂದರೆ ಎರಡರಿಂದ ಗುಣಿಸಿ, ಮತ್ತೆ 1.65ರಿಂದ (ಶೇ. 95ಕ್ಕೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ ಗುಣಕ) ಗುಣಿಸಬೇಕು, ಸುಮಾರು 40 ಪ್ಯಾಕೆಟ್ ಭದ್ರತಾ ದಾಸ್ತಾನು ಬೇಕಾಗುತ್ತದೆ. ದಾಸ್ತಾನು 200ಕ್ಕೆ ಇಳಿದಾಗ ಹೊಸ ಆರ್ಡರ್ ಹೋಗಬೇಕು.

ಈಗ ಲಾರಿಯೂ ಒಂದು ದಿನ ಆಚೀಚೆ ಆಗುತ್ತದೆ (ಮಾನಕ ವಿಚಲನೆ ಒಂದು ದಿನ) ಎಂದು ಸೇರಿಸಿ. ಬೇಡಿಕೆ ಕೂದಲೆಳೆಯಷ್ಟೂ ಬದಲಾಗದಿದ್ದರೂ ಬೇಕಾಗುವ ಭದ್ರತಾ ದಾಸ್ತಾನು 77ಕ್ಕೆ ಏರುತ್ತದೆ, ಸುಮಾರು ಇಮ್ಮಡಿ. ಮಾರಾಟದ ಮುನ್ನಂದಾಜಿಗೆ ಕಂಪನಿಗಳು ಸುರಿಯುವ ಹಣದಲ್ಲಿ ಸ್ವಲ್ಪವನ್ನಾದರೂ ಲಾರಿ ಹೊತ್ತಿಗೆ ಸರಿಯಾಗಿ ಬರುವಂತೆ ಮಾಡಲು ಏಕೆ ಇಡಬೇಕು ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಮುನ್ನಂದಾಜು ಮತ್ತು ಸುಳ್ಳು ಹೇಳುವ ದತ್ತಾಂಶ

ಇತ್ತೀಚಿನ ಮಾರಾಟಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ ತೂಕ ಕೊಟ್ಟು ಅಂದಾಜಿಸುವ ಘಾತೀಯ ಸರಾಗೀಕರಣ 1950ರ ದಶಕದಿಂದ ಬಳಕೆಯಲ್ಲಿದೆ. ಈಗ ಯಂತ್ರಕಲಿಕೆಯ ಕಾಲ. 2020ರ ‘ಎಂ5’ ಸ್ಪರ್ಧೆಯಲ್ಲಿ ವಾಲ್‌ಮಾರ್ಟಿನ 42,840 ಮಾರಾಟ ಸರಣಿಗಳನ್ನು ಕೊಟ್ಟು ಮುಂದಿನ 28 ದಿನಗಳನ್ನು ಅಂದಾಜಿಸಲು ಕೇಳಲಾಯಿತು. ಗೆದ್ದದ್ದು ಯಂತ್ರಕಲಿಕೆಯೇ. ಆದರೆ ಪಾಲ್ಗೊಂಡ 5,500ಕ್ಕೂ ಹೆಚ್ಚು ತಂಡಗಳಲ್ಲಿ, ಹತ್ತರಲ್ಲಿ ಒಂದರಷ್ಟು ತಂಡಗಳೂ ಆ ಹಳೆಯ ಸರಾಗೀಕರಣವನ್ನು ಆಧರಿಸಿದ ಅಳತೆಗೋಲನ್ನು ದಾಟಲಿಲ್ಲ.

ಸೂತ್ರ ಯಾವುದಾದರೂ ಇರಲಿ, ತಿನ್ನಿಸಿದ್ದನ್ನು ತಿನ್ನುತ್ತದೆ. ಕಪಾಟು ಖಾಲಿಯಿದ್ದ ದಿನ ಮಾರಾಟ ಸೊನ್ನೆ. ಗಣಕಕ್ಕೆ ಅದು ‘ಯಾರಿಗೂ ಬೇಡವಾಗಿತ್ತು’ ಎಂದು ಕಾಣುತ್ತದೆ, ಮುಂದಿನ ವಾರ ಇನ್ನೂ ಕಡಿಮೆ ತರಿಸುತ್ತದೆ, ಕಪಾಟು ಇನ್ನೂ ಬೇಗ ಖಾಲಿಯಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಭೂತದಾಸ್ತಾನು: ಪರದೆಯ ಮೇಲೆ ಆರು ಇದೆ, ಅಂಗಡಿಯಲ್ಲಿ ಒಂದೂ ಇಲ್ಲ, ಆರು ಇರುವ ತನಕ ಹೊಸ ಆರ್ಡರ್ ಹೋಗುವುದಿಲ್ಲ. ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಚಿಲ್ಲರೆ ಮಾರಾಟ ಸಂಸ್ಥೆಯ ಸುಮಾರು 3.7 ಲಕ್ಷ ದಾಸ್ತಾನು ದಾಖಲೆಗಳ ಪೈಕಿ ಶೇ. 65ರಷ್ಟು ತಪ್ಪಾಗಿದ್ದವು. ಸಾಫ್ಟ್‌ವೇರ್ ಕೊಳ್ಳುವ ಮೊದಲು ಒಬ್ಬರು ಕಪಾಟಿನ ಮುಂದೆ ನಿಂತು ಎಣಿಸುವುದು ಅಗ್ಗದ ಕೆಲಸ; ಅಗ್ಗವಾದ್ದರಿಂದಲೋ ಏನೋ ಅದಕ್ಕೆ ಬಜೆಟ್ ಸಿಗುವುದಿಲ್ಲ.

ಭಾರತ ಮತ್ತು ಕರ್ನಾಟಕ

ಭಾರತದ ದಿನಸಿ ವ್ಯಾಪಾರದ ಬಹುಪಾಲು ಕಿರಾಣಿ ಅಂಗಡಿಗಳದ್ದು. ಅವುಗಳಲ್ಲಿ ಬಹಳಷ್ಟು ಬಿಲ್ ಹಾಕುವುದೇ ಇಲ್ಲ. ಹಾಗಾಗಿ ಕಂಪನಿಗೆ ಸರಾಗವಾಗಿ ಕಾಣುವುದು ಸ್ಟಾಕಿಸ್ಟರಿಗೆ ತಾನು ಮಾರಿದ ‘ಪ್ರೈಮರಿ’ ಮತ್ತು ಸ್ಟಾಕಿಸ್ಟ್ ಅಂಗಡಿಗೆ ಮಾರಿದ ‘ಸೆಕೆಂಡರಿ’ ಲೆಕ್ಕ ಮಾತ್ರ. ಗಿರಾಕಿ ಕೊಂಡದ್ದು ಕತ್ತಲಲ್ಲೇ ಉಳಿಯುತ್ತದೆ. ಟಾರ್ಗೆಟ್ ಮುಟ್ಟಿಸಲು ಸೇಲ್ಸ್‌ಮನ್ನರು ತಿಂಗಳ ಕೊನೆಯ ವಾರ ಮಾಲು ತುರುಕುತ್ತಾರೆ. ಮುಂದಿನ ತಿಂಗಳ ಮೊದಲ ವಾರ ಸ್ಟಾಕಿಸ್ಟ್ ಫೋನೆತ್ತುವುದಿಲ್ಲ. ಬಾರುಕೋಲು ಬೀಸಲು ಗಿರಾಕಿಯೇ ಬೇಕೆಂದಿಲ್ಲ.

ಸಾಗಣೆಯ ದತ್ತಾಂಶ ಮಾತ್ರ ಬೇಗ ಬೆಳೆದಿದೆ. ವ್ಯಾಟ್ ಕಾಲದಲ್ಲೇ ಸಾಗಣೆಯ ವಿವರವನ್ನು ಆನ್‌ಲೈನಿನಲ್ಲಿ ದಾಖಲಿಸುವ ಇ-ಸುಗಮ್ ನಡೆಸಿದ್ದ ಕರ್ನಾಟಕ, 2018ರ ಏಪ್ರಿಲ್‌ನಲ್ಲಿ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿಮಾಡುವಲ್ಲಿ ಮುಂದಿತ್ತು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಲಾರಿ ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತೆಂಬುದೂ ದಾಖಲಾಗುತ್ತದೆ. ಅಮೆರಿಕದ ವಾಲ್‌ಮಾರ್ಟ್, ಟಾರ್ಗೆಟ್ ಅಂಗಡಿಗಳಿಗಾಗಿ ದುಡಿಯುವ ತಂತ್ರಜ್ಞರ ದೊಡ್ಡ ತಂಡಗಳು ಬೆಂಗಳೂರಿನಲ್ಲೇ ಇವೆ.

ಹಾಲಿನದು ಮಾತ್ರ ತಿರುಗುಮುರುಗು ಲೆಕ್ಕ. ಕೊಳ್ಳುವವರ ಬೇಡಿಕೆ ಹೆಚ್ಚೂಕಡಿಮೆ ಸಮವಾಗಿರುತ್ತದೆ, ಏರಿಳಿಯುವುದು ಪೂರೈಕೆ; ಹಸು ಆರ್ಡರ್ ನೋಡಿ ಹಾಲು ಕೊಡುವುದಿಲ್ಲ. ಹಳ್ಳಿಯ ಡೇರಿಯಲ್ಲಿ ಬೆಳಗ್ಗೆ, ಸಂಜೆ ಕ್ಯಾನು ತಂದವರ ಹಾಲು ತೂಗಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ಚೀಟಿ ಕೊಡುತ್ತಾರೆ. ಅದು ರೈತನಿಗೆ ದುಡ್ಡಿನ ಲೆಕ್ಕ. ಜಿಲ್ಲಾ ಹಾಲು ಒಕ್ಕೂಟಕ್ಕೆ ಅದೇ ಚೀಟಿಗಳ ಮೊತ್ತ ಮುನ್ಸೂಚನೆ: ಇಂದಿನ ಹಾಲಿನಲ್ಲಿ ಎಷ್ಟು ಪ್ಯಾಕೆಟ್ಟಿಗೆ, ಎಷ್ಟು ಮೊಸರಿಗೆ, ಹಾಲು ಉಕ್ಕಿ ಬರುವ ತಿಂಗಳುಗಳಲ್ಲಿ ಎಷ್ಟು ಪೌಡರ್ ಮಾಡಲು ಕಳಿಸಬೇಕು ಎಂಬುದು ಅದರಿಂದ ತೀರ್ಮಾನವಾಗುತ್ತದೆ. ತೀರ್ಮಾನಕ್ಕೆ ಇರುವ ವ್ಯವಧಾನ ಕೆಲವು ಗಂಟೆಗಳಷ್ಟೇ. ಟ್ಯಾಂಕರು ಆಗಲೇ ದಾರಿಯಲ್ಲಿರುತ್ತದೆ.